ಬಂಪರ್ ಸೀಳಿದೆ, ಪೇಂಟ್ ಹಾಳೆಯಾಗಿ ಏಳ್ತಿದೆ: ಬದಲಿಸಲೇಬೇಕಾ?

ಪ್ರಶ್ನೆ: ಹಿಂದಿನ ಬಂಪರ್ ಮೂಲೆಯಲ್ಲಿ ನಾಲ್ಕಿಂಚು ಸೀಳು. ಹೋದ ವರ್ಷ ಅಲ್ಲೇ ಪುಟ್ಟಿ ಹಾಕಿಸಿ ಪೇಂಟ್ ಮಾಡಿಸಿದ್ದೆ. ಈಗ ಉಗುರಿಂದ ಕೆರೆದ್ರೂ ಏಳುತ್ತೆ. ಗ್ಯಾರೇಜಿನವರು ಹೊಸದೇ ಹಾಕಿಸಿ ಅಂತಾರೆ. ಕಾರು ಮಂಗಳೂರಲ್ಲಿದೆ, ಮಳೆ ಬೇರೆ.

ಉತ್ತರ (ಬಾಡಿಶಾಪ್ ಪೇಂಟರ್): ಕ್ಲಿಪ್ ಕೂರುವ ಕಿವಿಗಳು ಗಟ್ಟಿಯಿದ್ದರೆ ಬದಲಿಸಬೇಡಿ. ಒಳಬದಿಯ ಅಚ್ಚು ನೋಡಿ, ಪಿಪಿ+ಇಪಿಡಿಎಂ-ಟಿ20 ಥರ ಏನೋ ಇರುತ್ತೆ: ಪಿಪಿ ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಇಪಿಡಿಎಂ ಅಂದ್ರೆ ಒಂದು ಬಗೆಯ ರಬ್ಬರ್. ಪಿಪಿಗೆ ಯಾವುದೂ ಸುಲಭಕ್ಕೆ ಅಂಟಲ್ಲ. ಅಡ್‌ಹೀಶನ್ ಪ್ರಮೋಟರ್ (ಪುಟ್ಟಿ, ಪೇಂಟ್ ಹಿಡಿಯಲಿ ಅಂತ ಮೊದಲು ಹೊಡೆಯೋ ಕೋಟ್) ಇಲ್ಲದೆ ಪುಟ್ಟಿ ಬಳಿದರೆ ಹೀಗೇ ಏಳೋದು. ತುಂಡು ನೀರಲ್ಲಿ ತೇಲಿದ್ರೆ ಮಾತ್ರ ಪಿಪಿ ಅನ್ನೋದನ್ನ ನಂಬಬೇಡಿ: ಟಿ20 ಅಂದ್ರೆ 20% ಟಾಲ್ಕ್ (ಖನಿಜದ ಪುಡಿ), ಅದು ಮುಳುಗಬಹುದು.

ಬಿಚ್ಚಿ, ಸೋಪ್ ನೀರಲ್ಲಿ ತೊಳೆದು, ವ್ಯಾಕ್ಸ್ ರಿಮೂವರಿಂದ ಒರೆಸಿ, ಆಮೇಲೆ ಉಜ್ಜಬೇಕು. ಮೊದಲೇ ಉಜ್ಜಿದರೆ ಜಿಡ್ಡು ಗೀರಿನೊಳಗೆ ಇಳಿಯುತ್ತೆ. ಹಳೇ ಪುಟ್ಟಿ ಪೂರ್ತಿ ತೆಗೆಸಿ. ಸೀಳಿನ ತುದಿಗೆ 3 ಮಿ.ಮೀ. ತೂತು ಹಾಕದಿದ್ದರೆ ಸೀಳು ಮುಂದುವರಿಯುತ್ತೆ. ಒಳಬದಿಯಲ್ಲಿ ಅರ್ಧ ದಪ್ಪದಷ್ಟು ವಿ ಆಕಾರಕ್ಕೆ ಕೆತ್ತಿ, ಸ್ಟೀಲ್ ಜಾಲರಿ ಹುದುಗಿಸಿ, ಪಿಪಿ ರಾಡಿನಿಂದ ವೆಲ್ಡ್. ಆರಿದ ಮೇಲೆ ಹೊರಗೂ ವೆಲ್ಡ್, ಜಾಲರಿ ಬೇಡ. ಎಬಿಎಸ್ ಬೇರೆ ಪ್ಲಾಸ್ಟಿಕ್, ಅದರ ರಾಡ್ ಇದಕ್ಕೆ ಕೂಡಲ್ಲ. ಗ್ರೈಂಡರ್ ಜೋರಾಗಿ ಓಡಿಸಿದ್ರೆ ಪ್ಲಾಸ್ಟಿಕ್ ಕರಗಿ ನೂಲು ಏಳುತ್ತೆ.

ತೆಳುವಾಗಿ ಪ್ರಮೋಟರ್, ಅದರ ಮೇಲೆ ಪ್ಲಾಸ್ಟಿಕ್‌ಗೆಂದೇ ಬರುವ ಬಾಗುವ ಪುಟ್ಟಿ, ಆಮೇಲೆ 180ರಿಂದ 320 ನಂಬರಿನ ಉಜ್ಜುವ ಪೇಪರ್. ಉಜ್ಜುವಾಗ ಎಲ್ಲಾದರೂ ಬರೀ ಪ್ಲಾಸ್ಟಿಕ್ ಕಂಡ್ರೆ ಅಲ್ಲಿ ಮತ್ತೆ ಪ್ರಮೋಟರ್. ಹೆಚ್ಚಿನವರು ಎಡವೋದು ಇಲ್ಲೇ. ಆಮೇಲೆ 2ಕೆ ಪ್ರೈಮರ್ (ಗಟ್ಟಿಯಾಗಲು ಹಾರ್ಡನರ್ ಬೆರೆಸುವಂಥದ್ದು), 600 ವಾಟರ್ ಪೇಪರ್, ಬೇಸ್ ಕೋಟ್ (ಬಣ್ಣ), ಅದರ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಎರಡು ಕೋಟ್.

ಪ್ರಶ್ನೆ: ಮಳೆಗಾಲದಲ್ಲಿ ಬೇಡವೇ? ಬಣ್ಣ ಪರ್ಲ್ ವೈಟ್.

ಉತ್ತರ (ಪೇಂಟ್ ಮಿಕ್ಸಿಂಗ್): ಪೇಂಟ್ ಬೂತ್ (ಪೇಂಟ್ ಹೊಡೆಯೋ ಮುಚ್ಚಿದ ಕೋಣೆ) ಇದ್ದರೆ ಮಾಡಿಸಿ, ಶೆಡ್‌ನಲ್ಲಿ ಬೇಡ. ತೇವದ ಗಾಳಿಯಲ್ಲಿ ಬೇಗ ಆರುವ ಥಿನ್ನರ್ ಹಾಕಿದರೆ ಬೇಸ್ ಬಿಳಿಚುತ್ತೆ. ಹಾರ್ಡನರ್ ನೀರಿನ ಜೊತೆ ಸೇರಿ ಕ್ಲಿಯರ್‌ನಲ್ಲಿ ಗುಳ್ಳೆ ಏಳುತ್ತೆ. ಕಂಪ್ರೆಸರ್ ಟ್ಯಾಂಕಿನ ನೀರು ದಿನಾ ಬಸಿಯಬೇಕು, ಲೈನಿಗೆ ವಾಟರ್ ಟ್ರ್ಯಾಪ್ ಬೇಕು. 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಕ್ ಮಾಡುವಾಗ ಬಂಪರ್ ಕೆಳಗೆ ಆಧಾರ ಇರಲಿ, ಇಲ್ಲದಿದ್ದರೆ ಜೋಲುತ್ತೆ. ಪರ್ಲ್ ವೈಟ್‌ಗೆ ಸಾಮಾನ್ಯವಾಗಿ ಮೂರು ಹಂತ: ಬಿಳಿ ಬೇಸ್, ಪರ್ಲ್, ಕ್ಲಿಯರ್. ಪರ್ಲ್ ಎಷ್ಟು ಕೋಟ್ ಅನ್ನೋದರ ಮೇಲೆ ಶೇಡ್ ಬದಲಾಗುತ್ತೆ; ಪೇಂಟ್ ಕೋಡ್ ನಂಬಿ ಕೂರದೆ ಸ್ಯಾಂಪಲ್ ಕಾರ್ಡ್ ಹೊಡೆಸಿ ಬಿಸಿಲಲ್ಲಿ ಹೋಲಿಸಿ. ಮೂಲೆಗೆ ಮಾತ್ರ ಅಲ್ಲ, ಕ್ಲಿಯರ್ ಇಡೀ ಬಂಪರ್‌ಗೆ ಹೊಡೆಯಲಿ.

ಉತ್ತರ (ಬಾಡಿಶಾಪ್ ಪೇಂಟರ್): ಬ್ಲೈಂಡ್ ಸ್ಪಾಟ್ ರಾಡಾರ್ (ಕನ್ನಡಿಯಲ್ಲಿ ಕಾಣದ ಪಕ್ಕದ ಗಾಡಿ ಗುರುತಿಸೋ ಸೆನ್ಸರ್) ಆ ಮೂಲೆಯ ಹಿಂದೆಯೇ ಇದ್ದರೆ ಮಾತ್ರ ನನ್ನ ಮಾತು ಬದಲು: ಅಲ್ಲಿ ಜಾಲರಿ, ಪುಟ್ಟಿ ಎರಡೂ ಸಿಗ್ನಲ್ ಕೆಡಿಸುತ್ತವೆ, ಹೊಸ ಬಂಪರೇ ಹಾಕಿಸಿ.