ಆನ್‌ಲೈನಲ್ಲಿ ತರಿಸಿದ ಪಾರ್ಟ್ ಕೂರಲಿಲ್ಲ: ವಕೀಲರಿಗೆ ಪ್ರಶ್ನೆಗಳು

ಅಡ್ಮಿನ್: ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು ನಡೆಸುವ ವಕೀಲ ಮೇಡಂ ಇವತ್ತು ಸಂಜೆ ಗುಂಪಿನಲ್ಲಿರ್ತಾರೆ. ಆನ್‌ಲೈನ್ ಖರೀದಿ, ವಾಪಸಾತಿ ಬಗ್ಗೆ ಮಾತ್ರ ಕೇಳಿ. ಹೆಸರು ಬೇಡ, ಊರು ಸಾಕು. ಫಾರ್ವರ್ಡ್ ಹಾಕಬೇಡಿ.

ಭದ್ರಾವತಿ: ಬಾಕ್ಸ್ ಬಿಚ್ಚಿದ ಮೇಲೆ ವಾಪಸ್ ಮಾಡಬಹುದಾ ಮೇಡಂ?

ವಕೀಲರು: ಮಾಡಬಹುದು. ಬಿಚ್ಚದೆ ಒಳಗೇನಿದೆ ಅಂತ ಗೊತ್ತಾಗೋದು ಹೇಗೆ? ಡಬ್ಬಿ, ಲೇಬಲ್, ಪ್ಲಾಸ್ಟಿಕ್ ಕವರ್ ಯಾವುದನ್ನೂ ಎಸೀಬೇಡಿ.

ಹೊಸನಗರ: ವೀಡ್ ಕಟರಿಗೆ (ಹುಲ್ಲು ಹೊಡೆಯೋ ಮೆಷಿನ್) ಗೇರ್ ಹೆಡ್, ಅಂದ್ರೆ ಪೈಪಿನ ತುದಿಯಲ್ಲಿ ಬ್ಲೇಡ್ ತಿರುಗಿಸೋ ಭಾಗ ತರಿಸಿದ್ದೆ, 1,140 ರೂಪಾಯಿ, ಕ್ಯಾಶ್ ಆನ್ ಡೆಲಿವರಿ. 'ಎಲ್ಲಾ ವೀಡ್ ಕಟರಿಗೂ ಆಗುತ್ತೆ' ಅಂತ ಪೇಜಲ್ಲಿತ್ತು. ನಮ್ಮ ಪೈಪು 26 ಎಂಎಂ, ಬಂದ ಹೆಡ್ಡು 28ರದ್ದು. ಪೈಪಿನೊಳಗಿನ ರಾಡಿನ ಹಲ್ಲೂ ಹೊಂದಲ್ಲ, ನಮ್ದು 7, ಅದು 9. ರಿಟರ್ನ್ ಹಾಕಿದ್ರೆ 'ಬಳಸಿದ ವಸ್ತು' ಅಂತ ರಿಜೆಕ್ಟ್ ಮಾಡಿದ್ರು.

ವಕೀಲರು: ರಿಟರ್ನ್ ಹಾಕುವಾಗ ಯಾವ ಕಾರಣ ಒತ್ತಿದ್ರಿ?

ಹೊಸನಗರ: 'ಈಗ ಬೇಡ' ಅಂತಿತ್ತಲ್ಲ, ಅದು. ಅದನ್ನ ಒತ್ತಿದ್ರೆ ಬೇಗ ಆಗುತ್ತೆ ಅಂದ್ರು.

ವಕೀಲರು: ಎಡವಿದ್ದೇ ಅಲ್ಲಿ. ಸ್ವಲ್ಪ ಉದ್ದ ಬರೀತೀನಿ, ಎಲ್ಲರೂ ಓದಿ.

ಮನಸ್ಸು ಬದಲಾಯ್ತು ಅಂತ ವಸ್ತು ವಾಪಸ್ ಕೊಡುವ ಹಕ್ಕನ್ನು ನಮ್ಮ ಕಾನೂನು ಕೊಟ್ಟಿಲ್ಲ. 7 ದಿನ, 10 ದಿನ ಅನ್ನೋದೆಲ್ಲ ಕಂಪನಿ ತಾನಾಗಿ ಕೊಡುವ ಸೌಲಭ್ಯ, ಅದಕ್ಕೆ ಅವರದೇ ಷರತ್ತು. ಹಕ್ಕು ಇರುವುದು 2020ರ ಇ-ಕಾಮರ್ಸ್ ನಿಯಮಗಳಲ್ಲಿ, 6ನೇ ನಿಯಮ: ವಸ್ತು ದೋಷದ್ದಾಗಿದ್ರೆ, ನಕಲಿಯಾಗಿದ್ರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ರೆ, ಹೇಳಿದ ದಿನ ದಾಟಿ ಬಂದಿದ್ರೆ ಮಾರಾಟಗಾರ ವಾಪಸ್ ತಗೊಳ್ಳಲ್ಲ, ಹಣ ಕೊಡಲ್ಲ ಅನ್ನುವಂತಿಲ್ಲ. ತಡವಾಗಿದ್ದು ಅವನ ಕೈಮೀರಿದ ಕಾರಣಕ್ಕಾದ್ರೆ ಮಾತ್ರ ವಿನಾಯಿತಿ. 'ಎಲ್ಲಾ ಕಟರಿಗೂ ಆಗುತ್ತೆ' ಅಂದು ಆಗದೇ ಹೋದ್ರೆ ಅದು 'ಹೇಳಿದ ಹಾಗಿಲ್ಲ' ಅನ್ನೋ ಗುಂಪಿಗೆ ಸೇರುತ್ತೆ. ನೀವು 'ಬೇಡ' ಅಂತ ಒತ್ತಿ ಹಕ್ಕಿನ ಬಾಗಿಲು ಬಿಟ್ಟು ಸೌಲಭ್ಯದ ಬಾಗಿಲು ತಟ್ಟಿದ್ರಿ. ಕೆಟ್ಟಿಲ್ಲ, ಸರಿ ಮಾಡಬಹುದು.

ಆ್ಯಪಿನ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇವತ್ತೇ ಇಮೇಲ್ ಮಾಡಿ. ಅವರ ವಿಳಾಸ ಆ್ಯಪಿನಲ್ಲಿ ಇರಲೇಬೇಕು, ಕೊನೆಗೆ ಸಣ್ಣ ಅಕ್ಷರದಲ್ಲಿರುತ್ತೆ. ಆರ್ಡರ್ ನಂಬರ್, ಪೇಜಿನ ಮಾತು, ನಿಮ್ಮ ಪೈಪಿನ ಅಳತೆ, ಬಂದಿದ್ದರ ಅಳತೆ ಬರೆಯಿರಿ. ಅಳತೆ ಕಾಣುವಂತೆ ವರ್ನಿಯರ್ ಕ್ಯಾಲಿಪರ್ ಹಿಡಿದ ಎರಡು ಫೋಟೋ, ಹಲ್ಲು ಎಣಿಸಲು ಬರುವಂತೆ ಎದುರಿನಿಂದ ಇನ್ನೊಂದು. 'ಮೊದಲು ಕಾರಣ ತಪ್ಪಾಗಿ ಒತ್ತಿದೆ, ನಿಜವಾದ ಕಾರಣ ಇದು' ಅಂತ ಒಂದು ಸಾಲು ಮರೀಬೇಡಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಿಯಮದಲ್ಲೇ ಇದೆ.

'ಬಳಸಿದ ವಸ್ತು' ಅನ್ನೋ ಮಾತಿಗೆ: ಕೂರುತ್ತಾ ಅಂತ ಹಚ್ಚಿ ನೋಡೋದು ಬಳಕೆ ಅಲ್ಲ. ಆದ್ರೆ ಪೈಪಿಗೆ ತಗಡು ಸುತ್ತಿ ಹೆಡ್ ಕೂರಿಸಿ, ಕ್ಲಾಂಪ್ ಬೋಲ್ಟ್ ಬಿಗಿದು, ಬ್ಲೇಡ್ ಹಾಕಿ ಎರಡು ಸಾಲು ಹೊಡೆದಿದ್ರೆ ನನ್ನ ಹತ್ರ ಬರಬೇಡಿ. ಹುಲ್ಲಿನ ರಸ ಗೇರ್ ಹೆಡ್ಡಿನ ಮೇಲೆ ಒಣಗಿರೋದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ.

ಹೊಸನಗರ: ಬರೀ ಹಚ್ಚಿ ನೋಡಿದ್ದು ಮೇಡಂ. ಗ್ರೀಸ್ ಸ್ವಲ್ಪ ತಾಗಿದೆ.

ವಕೀಲರು: ಒರೆಸಬೇಡಿ. ಇದ್ದ ಹಾಗೇ ಫೋಟೋ ತೆಗೀರಿ.

ರಿಪ್ಪನ್‌ಪೇಟೆ: *ಹಲವು ಬಾರಿ ಫಾರ್ವರ್ಡ್ ಆಗಿದೆ* ಹೊಸ ಕಾನೂನು!! ಆನ್‌ಲೈನ್ ವಸ್ತು ಯಾವ ಕಾರಣವೂ ಇಲ್ಲದೆ 30 ದಿನದಲ್ಲಿ ವಾಪಸ್, 24 ಗಂಟೆಯಲ್ಲಿ ಹಣ, ಕೊಡದಿದ್ದರೆ 10 ಪಟ್ಟು ದಂಡ. ಎಲ್ಲಾ ಗ್ರೂಪಿಗೂ ಕಳಿಸಿ.

ವಕೀಲರು: ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನಲ್ಲಿ 30 ದಿನ ಅನ್ನೋ ಮಾತಿದೆ, ಅದು ದೋಷವಿರುವ ವಸ್ತುವಿಗೆ, ಅದೂ ಬಿಲ್ಲಿನಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದಾಗ. 24 ಗಂಟೆ, 10 ಪಟ್ಟು ಯಾವ ಕಾಯ್ದೆಯಲ್ಲೂ ಇಲ್ಲ. ಇದನ್ನ ನಂಬಿ ಜನ ಸುಮ್ನೆ ಕೂತು ಕಂಪನಿಯ 7 ದಿನ ಕಳ್ಕೊಳ್ತಾರೆ.

ಸೊರಬ: ಲ್ಯಾಪ್‌ಟಾಪಿಗೆ ರ‍್ಯಾಮ್ ತರಿಸಿದೆ. ಪೇಜಲ್ಲಿ ಡಿಡಿಆರ್4 ಅಂತ ಸರಿಯಾಗೇ ಬರೆದಿದ್ರು, ನನ್ನದಕ್ಕೆ ಕೂರೋದು ಡಿಡಿಆರ್3 ಮಾತ್ರ. ಹಕ್ಕು ಇದೆಯಾ?

ವಕೀಲರು: ಇಲ್ಲ. ಅವರು ಹೇಳಿದ್ದನ್ನೇ ಕಳಿಸಿದ್ದಾರೆ. ಕಂಪನಿಯ ಪಾಲಿಸಿಯಲ್ಲಿ ಅವಕಾಶ ಇದ್ರೆ ಅವಧಿಯೊಳಗೆ ಹಾಕಿ.

ಸಾಗರ: ಮೇಡಂ, ಮರ ಕುಯ್ಯೋ ಮೆಷಿನ್ನಿನ ಚೈನ್ ತಗೊಂಡೆ. ಪೇಜಲ್ಲಿ ಬರೀ '18 ಇಂಚು' ಅಂತಿತ್ತು, ಬೇರೇನೂ ಇಲ್ಲ. ಕೂರ್ತಾ ಇಲ್ಲ.

ವಕೀಲರು: ಇದು ನಡುವಿನದು. 18 ಇಂಚು ಅನ್ನೋದು ಬಾರಿನ (ಚೈನ್ ಸುತ್ತೋ ಪಟ್ಟಿ) ಉದ್ದ ಅಷ್ಟೆ, ಅದೊಂದರಿಂದ ಚೈನ್ ತೀರ್ಮಾನ ಆಗಲ್ಲ. ಪಿಚ್ (ಕೊಂಡಿಗಳ ಅಂತರ), ಡ್ರೈವ್ ಲಿಂಕ್ (ಬಾರಿನ ಸೀಳಿನಲ್ಲಿ ಕೂರೋ ಕೊಂಡಿ) ಎಷ್ಟು, ಅದರ ದಪ್ಪ ಅಂದ್ರೆ ಗೇಜ್ ಎಷ್ಟು, ಮೂರೂ ಬೇಕು. 58 ಸಿಸಿಯ ಅಗ್ಗದ ಮೆಷಿನ್‌ಗಳ 18 ಇಂಚಿನ ಬಾರಿಗೆ ಸಾಮಾನ್ಯವಾಗಿ 0.325 ಇಂಚು ಪಿಚ್, 0.058 ಇಂಚು ಗೇಜ್, 72 ಲಿಂಕ್. ನಿಮ್ಮ ಬಾರಿನ ಬುಡದಲ್ಲೇ ಕೆತ್ತಿರುತ್ತೆ ನೋಡಿ. ಅಗತ್ಯದ ವಿವರ ಮುಚ್ಚಿಟ್ಟ ಅಂತ ವಾದ ಮಾಡಬಹುದು. ಆದ್ರೆ ಪೇಜಿನ ಪ್ರಶ್ನೆ ಜಾಗದಲ್ಲಿ ನೀವು ಮಾಡೆಲ್ ಹೇಳಿ, 'ಆಗುತ್ತೆ' ಅಂತ ಮಾರಾಟಗಾರ ಬರೆದಿದ್ರೆ ಮಾತ್ರ ಕೇಸು ಗಟ್ಟಿ. ಕೇಳಿದ್ರಾ?

ಸಾಗರ: ಇಲ್ಲ.

ತೀರ್ಥಹಳ್ಳಿ: ಅದಕ್ಕೇ ಹೇಳೋದು ಮಾರ್ರೆ, ಹಳೇ ಚೈನ್ ಹಿಡ್ಕೊಂಡು ಪೇಟೆಗೆ ಹೋಗಿ, ಪಕ್ಕದಲ್ಲಿಟ್ಟು ನೋಡಿ ತಗೊಂಬನ್ನಿ ಅಂತ. ನೂರು ರೂಪಾಯಿ ಉಳಿಸೋಕೆ ಹೋಗಿ ಎಂತ ಅವಸ್ಥೆ.

ಸಾಗರ: ಪೇಟೆಯವರು ಬಿಲ್ ಕೊಡ್ತಾರಾ? ಕೊಟ್ರೂ 'ಮಾರಿದ ಸರಕು ವಾಪಸ್ ಇಲ್ಲ' ಅಂತ ಸೀಲ್ ಹೊಡೆದಿರ್ತಾರೆ.

ತೀರ್ಥಹಳ್ಳಿ: ಬದಲಿಸಿ ಕೊಡ್ತಾರೆ ಕಣ್ರೀ, ಮುಖ ಪರಿಚಯ ಇರುತ್ತಲ್ಲ.

ಸಾಗರ: ಮುಖ ಪರಿಚಯ ಇದ್ದವರಿಗೆ. ಕೂಲಿಯವನಿಗೆ ಕೊಡ್ತಾರಾ?

ತೀರ್ಥಹಳ್ಳಿ: ಅಂಗಡಿ ನಡೆಸೋ ಕಷ್ಟ ನಿಮಗೇನು ಗೊತ್ತು. ಅದಿರ್ಲಿ, ತೋಟದ ಕೆಲಸಕ್ಕೆ ತಗೊಂಡಿದ್ದು ವ್ಯಾಪಾರದ್ದಾಯ್ತು, ಗ್ರಾಹಕರ ಆಯೋಗ ನಿಮ್ಮನ್ನ ಒಳಗೇ ಬಿಡಲ್ಲ.

ವಕೀಲರು: ಇಬ್ಬರಿಗೂ ಹೇಳ್ತೀನಿ. ಆ ಸೀಲ್ ಹೊಡೆದ ಮಾತ್ರಕ್ಕೆ ದೋಷವಿರುವ ವಸ್ತು ವಾಪಸ್ ತಗೊಳ್ಳೋ ಹೊಣೆಯಿಂದ ಅಂಗಡಿಯವರು ತಪ್ಪಿಸಿಕೊಳ್ಳೋಕಾಗಲ್ಲ. ಸ್ವಂತ ದುಡಿಮೆಯಿಂದ ಜೀವನ ಮಾಡೋಕೆ ತಗೊಂಡಿದ್ದು 'ವಾಣಿಜ್ಯ ಉದ್ದೇಶ' ಅಲ್ಲ, ಅದೇ 2019ರ ಕಾಯ್ದೆಯ 2(7)ರ ವಿವರಣೆಯಲ್ಲೇ ಇದೆ. ತನ್ನ ತೋಟಕ್ಕೆ ತಗೊಂಡ ರೈತ ಗ್ರಾಹಕನೇ. ರಿಯಾಯಿತಿಗೆ ಆಸೆಪಟ್ಟು ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಿಸಿದ್ರೆ ಮಾತ್ರ ತಾಪತ್ರಯ. ಇನ್ನು ಜಗಳ ಬೇರೆ ಕಡೆ ಆಡಿ.

ಕೋಣಂದೂರು: ನಮ್ಮಲ್ಲಿ ಪಿಕಪ್ಪಿಗೆ ಬರೋದೇ ಇಲ್ಲ. ಮೂರು ಸಲ 'ಗ್ರಾಹಕರು ಸಿಗಲಿಲ್ಲ' ಅಂತ ಹಾಕಿ ಕ್ಯಾನ್ಸಲ್ ಮಾಡಿದ್ರು. ನೆಟ್‌ವರ್ಕೂ ಇಲ್ಲ.

ವಕೀಲರು: ಪ್ರತಿ ಸಲ ಆ ದಿನವೇ ಆ್ಯಪಿನ ಚಾಟಲ್ಲಿ 'ಮನೆಯಲ್ಲೇ ಇದ್ದೆ, ಯಾರೂ ಬರಲಿಲ್ಲ' ಅಂತ ಬರೆದಿಡಿ. ನೀವೇ ಕಳಿಸಿ ಅಂದ್ರೆ ವಿಳಾಸ ಲಿಖಿತವಾಗಿ ತಗೊಂಡು ಸ್ಪೀಡ್ ಪೋಸ್ಟ್ ಮಾಡಿ, ತೂಕ ನಮೂದಾದ ರಸೀದಿ ಇಟ್ಕೊಳ್ಳಿ. ಖಾಲಿ ಡಬ್ಬಿ ಬಂತು ಅಂದ್ರೆ ತೂಕವೇ ಉತ್ತರ.

ಭದ್ರಾವತಿ: ಬಿಚ್ಚುವಾಗ ವಿಡಿಯೋ ಮಾಡಿಲ್ಲ. ಹಾಗಾದ್ರೆ ಆಗಲ್ವಾ?

ವಕೀಲರು: ವಿಡಿಯೋ ಕಡ್ಡಾಯ ಅಂತ ಕಾನೂನು ಹೇಳಲ್ಲ. ಇದ್ರೆ ಒಳ್ಳೆಯದು.

ಶಿಕಾರಿಪುರ: ಬಾಕ್ಸ್ ಓಪನ್ ಆಗಿದೆ, ರಿಟರ್ನ್ ಆಗುತ್ತಾ?

ವಕೀಲರು: ಮೇಲೆ ಓದಿ.

ಹೊಸನಗರ: ಮೇಡಂ, ಗೂಗಲಲ್ಲಿ ಹುಡುಕಿ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಒಂದು ಆ್ಯಪ್ ಹಾಕ್ಕೊಳ್ಳಿ, 10 ರೂಪಾಯಿ ಕಳಿಸಿ, ರಿಫಂಡ್ ಚಾಲೂ ಆಗುತ್ತೆ ಅಂತಿದ್ದಾರೆ. ಲೈನಲ್ಲಿದ್ದಾರೆ.

ವಕೀಲರು: ಫೋನ್ ಇಡಿ. ಈಗಲೇ. ಆ ಆ್ಯಪ್ ನಿಮ್ಮ ಮೊಬೈಲಿನ ಪರದೆಯನ್ನ ಅವನಿಗೆ ತೋರಿಸುತ್ತೆ, 10 ರೂಪಾಯಿ ಹಾಕುವಾಗ ನೀವು ಒತ್ತುವ ಪಿನ್ ಅವನಿಗೆ ಸಿಗುತ್ತೆ. ಹಾಕಿಕೊಂಡಾಗಿದ್ರೆ ಮೊದಲು ನೆಟ್ ಬಂದ್ ಮಾಡಿ, ಆ್ಯಪ್ ತೆಗೆದುಹಾಕಿ, ಬ್ಯಾಂಕಿಗೆ ಹೇಳಿ ಖಾತೆ ತಡೆ ಹಿಡಿಸಿ. ಹಣ ಹೋಗಿದ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಪಡೆಯೋಕೆ ಪಿನ್ ಬೇಡ, ಓಟಿಪಿ ಬೇಡ. ಕ್ಯಾಶ್ ಕೊಟ್ಟು ತಗೊಂಡಿದ್ರೆ ಖಾತೆ ನಂಬರ್, ಐಎಫ್‌ಎಸ್‌ಸಿ ವಸ್ತು ತರಿಸಿದ ಆ್ಯಪಿನೊಳಗೇ ತುಂಬಬೇಕು. ಕಸ್ಟಮರ್ ಕೇರ್ ನಂಬರನ್ನೂ ಅದರೊಳಗಿಂದಲೇ ತಗೋಬೇಕು.

ಹೊಸನಗರ: ಇಟ್ಟೆ. ಹಾಕ್ಕೊಂಡಿರ್ಲಿಲ್ಲ.

ರಿಪ್ಪನ್‌ಪೇಟೆ: *ಫಾರ್ವರ್ಡ್ ಆಗಿದೆ* ಈ ಲಿಂಕ್ ಒತ್ತಿ ದೂರು ಕೊಟ್ರೆ 3 ದಿನದಲ್ಲಿ ರಿಫಂಡ್

ವಕೀಲರು: ಈಗಷ್ಟೇ ಏನು ಬರೆದೆ ನಾನು? ಅಡ್ಮಿನ್, ಇವರನ್ನ ಸ್ವಲ್ಪ ನೋಡಿ. ದೂರು ಕೊಡೋ ಸಹಾಯವಾಣಿ 1915. ಅವರು ಕಂಪನಿಗೆ ದೂರು ದಾಟಿಸ್ತಾರೆ, ಆದೇಶ ಕೊಡೋ ಅಧಿಕಾರ ಅವರಿಗಿಲ್ಲ.

ಹೊಸನಗರ: ಒಂದು ತಿಂಗಳಾದ್ರೂ ಆಗದಿದ್ರೆ? ಇನ್ನೊಂದು, ಈಗ ನೋಡ್ತೀನಿ, ಪೇಜಿನ ಹೆಸರೇ ಬದಲಾಗಿದೆ. 'ಎಲ್ಲಾ' ಹೋಗಿ '28 ಎಂಎಂ' ಬಂದಿದೆ. ಸ್ಕ್ರೀನ್‌ಶಾಟ್ ಇಲ್ಲ.

ವಕೀಲರು: ಆರ್ಡರ್ ಆದ ದಿನದ ಇಮೇಲ್, ಬಿಲ್ಲಿನ ಪಿಡಿಎಫ್ ತೆಗೀರಿ. ಸಾಮಾನ್ಯವಾಗಿ ಅವತ್ತಿನ ಹೆಸರೇ ಅದರಲ್ಲಿ ಉಳಿದಿರುತ್ತೆ. ಈಗಿನ ಪೇಜಿನದೂ ಸ್ಕ್ರೀನ್‌ಶಾಟ್ ತಗೊಳ್ಳಿ, ಮಾರಿದ ಮೇಲೆ ಬದಲಿಸಿದ್ದು ನಿಮಗೇ ಸಾಕ್ಷಿ.

ತಿಂಗಳು ಕಳೆದರೆ ಶಿವಮೊಗ್ಗದ ಆಯೋಗಕ್ಕೇ ದೂರು ಹಾಕಿ. ನೀವು ವಾಸವಿರುವ ಜಿಲ್ಲೆಯಲ್ಲಿ ಹಾಕಬಹುದು ಅಂತ ಅದೇ ಕಾಯ್ದೆಯ 34ನೇ ಕಲಂ ಹೇಳುತ್ತೆ. ವ್ಯಾಜ್ಯ ದೂರದ ಊರಿನ ಕೋರ್ಟಲ್ಲಿ ಮಾತ್ರ ಅಂತ ಆ್ಯಪಿನ ಷರತ್ತಿನಲ್ಲಿದ್ರೆ ಹೆದರಬೇಡಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮಾರಾಟಗಾರ, ಆ್ಯಪಿನ ಕಂಪನಿ ಇಬ್ಬರನ್ನೂ ಎದುರುದಾರರು ಮಾಡಿ. ಮಾರಾಟಗಾರನ ವಿಳಾಸ ಲಿಖಿತವಾಗಿ ಕೇಳಿದ್ರೆ ಕಂಪನಿ ಕೊಡಲೇಬೇಕು. ಸ್ಕ್ರೀನ್‌ಶಾಟಿನ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಡಿ, ಮೊಬೈಲು, ಕಂಪ್ಯೂಟರಿನ ದಾಖಲೆಯನ್ನ ಸಾಕ್ಷ್ಯವಾಗಿ ಕೊಡೋಕೆ ಅದು ಬೇಕು.

ತೀರ್ಥಹಳ್ಳಿ: 1,140 ರೂಪಾಯಿಗೆ ಹೊಸನಗರದಿಂದ ಶಿವಮೊಗ್ಗಕ್ಕೆ ಎಷ್ಟು ಸಲ ಬಸ್ ಚಾರ್ಜು ಕೊಡೋದು ಮೇಡಂ?

ವಕೀಲರು: ಓಡಾಟದ ಖರ್ಚನ್ನೂ ಅದೇ ದೂರಿನಲ್ಲಿ ಕೇಳಬಹುದು. ಕಂಪ್ಯೂಟರಿನಲ್ಲೇ ದೂರು ಸಲ್ಲಿಸಲೂಬಹುದು.

ಸಾಗರ: ಇವರಿಗೆ ಎಲ್ಲದಕ್ಕೂ ಕೊಂಕು.

ತೀರ್ಥಹಳ್ಳಿ: ನಿಮ್ಮನ್ನ ಮಾತಾಡಿಸಿಲ್ಲ.

ಆನಂದಪುರ: ಸಿಂಗಲ್ ಫೇಸ್ ಅಂತ ಹೇಳಿ ತ್ರೀ ಫೇಸ್ ಮೋಟಾರಿಂದು ಸ್ಟಾರ್ಟರ್ ಕಳಿಸಿದ್ದಾರೆ, ಎಲೆಕ್ಟ್ರಿಷಿಯನ್ ವೈರ್ ಕೊಟ್ಟೂ ಆಗಿದೆ. ಇದು ಬಳಕೆ ಅಂತಾಗುತ್ತಾ?

ಶಿಕಾರಿಪುರ: ಮೇಲೆ ಅಂದ್ರೆ ಎಲ್ಲಿ ಮೇಡಂ?

ವಕೀಲರು: ನಾಳೆ ಕೇಸುಗಳಿವೆ. ಹೊಸನಗರದವರು ಬಿಲ್ಲಿನ ಪಿಡಿಎಫ್ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.

ಆನಂದಪುರ: ಮೇಡಂ ಸ್ಟಾರ್ಟರ್?