ಲಾರಿ ಚಾಲಕನಾಗುವ ಮುನ್ನ: ಅಪಾಯದಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು?

ಪ್ರಶ್ನೆ

ಭಾರೀ ವಾಹನ ಚಾಲನೆಯ ನನ್ನ ತರಬೇತಿ ಮುಗಿಯಲು ಇನ್ನು ಮೂರು ವಾರಗಳಿವೆ. ಆರು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ಆದರೂ ಲೋಡ್ ತುಂಬಿದ ಲಾರಿಯ ಬ್ರೇಕನ್ನು ಮೊದಲ ಸಲ ತುಳಿದಾಗ, ಕಾಲು ಒತ್ತಿದ ಗಳಿಗೆಗೂ ಗಾಡಿ ಹಿಡಿತಕ್ಕೆ ಬಂದ ಗಳಿಗೆಗೂ ನಡುವೆ ಇದ್ದ ಸಣ್ಣ ಬಿಡುವು ನನ್ನನ್ನು ಹೆದರಿಸಿತು. ಬೇರೆ ಕೆಲಸವೇ ಸಿಗಲಿಲ್ಲವೇ ಎಂದು ಅಮ್ಮ ದಿನವೂ ಕೇಳುತ್ತಾರೆ. ಸುದ್ದಿಯಲ್ಲಿ ಬರುವ ಅಪಘಾತಗಳನ್ನು ನೋಡಿದರೆ ಅವರ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ. ಅಪಾಯದಲ್ಲಿ ಎಷ್ಟು ಪಾಲು ಚಾಲಕನ ಕೈಯಲ್ಲಿದೆ, ಎಷ್ಟು ಪಾಲು ಇಲ್ಲ ಎಂಬುದನ್ನು ಈ ವೃತ್ತಿಯಲ್ಲಿರುವವರು ದಯವಿಟ್ಟು ತಿಳಿಸಬೇಕು. ಸಮಾಧಾನದ ಮಾತು ಬೇಡ, ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು.

ಉತ್ತರ 1 (ಹತ್ತೊಂಬತ್ತು ವರ್ಷಗಳಿಂದ ಚಾಲಕ)

ನೀವು ಗಮನಿಸಿದ ಬಿಡುವು ನಿಜವಾದದ್ದೇ. ಕಾರಿನ ಬ್ರೇಕ್ ಎಣ್ಣೆಯ ಒತ್ತಡದಿಂದ ಹೆಚ್ಚುಕಡಿಮೆ ತಕ್ಷಣವೇ ಹಿಡಿಯುತ್ತದೆ. ಲಾರಿಯಲ್ಲಿ ಗಾಳಿಯು ಕೊಳವೆಗಳ ಮೂಲಕ ಹಿಂದಿನ ಚಕ್ರದವರೆಗೆ ಸಾಗಬೇಕಾದ್ದರಿಂದ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ಅರ್ಧ ಸೆಕೆಂಡಿನಲ್ಲೇ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ವೇಗವನ್ನು 60ರಿಂದ 80ಕ್ಕೆ ಏರಿಸಿದಾಗ ನಮಗೆ ಸ್ವಲ್ಪವೇ ಹೆಚ್ಚಿಸಿದಂತೆ ಅನಿಸುತ್ತದೆ, ಆದರೆ ಬ್ರೇಕ್ ತಡೆಯಬೇಕಾದ ಶಕ್ತಿ ಒಂದೂಮುಕ್ಕಾಲು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಆದ್ದರಿಂದ ಮುಂದಿನ ಗಾಡಿಗೂ ನಿಮಗೂ ನಡುವಿನ ಅಂತರವನ್ನು ಕಾರಿನ ಕಣ್ಣಿನಿಂದ ಅಳೆಯಬೇಡಿ. ಆ ಖಾಲಿ ಜಾಗಕ್ಕೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ಆಗ ಸಿಟ್ಟಾಗದೆ ಮತ್ತೆ ಹಿಂದೆ ಸರಿಯುವುದನ್ನು ಕಲಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ನನಗೆ ಬುದ್ಧಿ ಬಂದದ್ದು ಘಾಟಿ ಇಳಿಯುವಾಗ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ದೊಡ್ಡ ಗೇರಿನಲ್ಲೇ ಇಳಿಜಾರಿಗೆ ಬಿಟ್ಟು, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಪೆಡಲ್ ತುಳಿದಷ್ಟೂ ಗಾಡಿ ಹಿಡಿಯದಾಯಿತು. ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ಕಾದಾಗ ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗ್ ಕೂಡ ಹಿಡಿತ ಬಿಡುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ತಿರುವಿನ ಆಚೆ ಸಮತಟ್ಟಾದ ಜಾಗ ಸಿಕ್ಕಿತು. ಗಾಡಿ ನಿಂತ ಕೂಡಲೇ ನಮ್ಮ ಕ್ಲೀನರ್ ಹುಡುಗ ನೀರಿನ ಕ್ಯಾನ್ ಹಿಡಿದು ಚಕ್ರದತ್ತ ಓಡಿದ. ಹಿಂದೆ ಬಂದು ನಿಂತ ಹಿರಿಯ ಚಾಲಕರೊಬ್ಬರು ಅವನ ರಟ್ಟೆ ಹಿಡಿದು, "ಡ್ರಮ್ ಬಿರುಕು ಬಿಡುತ್ತದೆ, ತಾನಾಗಿಯೇ ಆರಲಿ" ಎಂದು ಕೂರಿಸಿದರು. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬಂದು, ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕಿನಿಂದಲೇ (ಹೊಗೆಯ ದಾರಿ ಕಟ್ಟಿ ಎಂಜಿನ್ ನಿಧಾನಿಸುವ ಸಾಧನ) ಗಾಡಿಯನ್ನು ತಡೆದುಕೊಂಡು, ವೇಗ ಮಿತಿಗೆ ಬಂದಾಗ ಮಾತ್ರ ಪೆಡಲ್ ಗಟ್ಟಿಯಾಗಿ ಒತ್ತಿ, ವೇಗವನ್ನು ಗಂಟೆಗೆ ಏಳೆಂಟು ಕಿ.ಮೀ.ಯಷ್ಟು ತಗ್ಗಿಸಿ, ಮತ್ತೆ ಪೂರ್ತಿ ಬಿಡಬೇಕು ಎಂಬ ಪಾಠವನ್ನೂ ಅವರೇ ಹೇಳಿದರು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರ ಜೊತೆ ಮಾತ್ರ ನೀವು ಎಂದೂ ಹೋಗಬೇಡಿ.

ಉತ್ತರ 2

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅದೆಲ್ಲವೂ ಎಚ್ಚರವಿರುವ ಚಾಲಕನಿಗೆ ಸಲ್ಲುವ ಮಾತು. ನಾನು ಕಂಡಂತೆ ಚೆನ್ನಾಗಿ ಓಡಿಸುವವರೇ ನಿದ್ದೆಗೆ ಬಲಿಯಾಗುತ್ತಾರೆ, ಏಕೆಂದರೆ ಅವರಿಗೆ ತಮ್ಮ ಕೈಯ ಮೇಲೆ ವಿಪರೀತ ನಂಬಿಕೆ. ಸತತ 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಪ್ರತಿಕ್ರಿಯೆಯಷ್ಟೇ ಮಂದವಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದ ಸಂಗತಿ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹವೇ ನಿದ್ದೆ ಬೇಡುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಸೆಕೆಂಡ್ ರೆಪ್ಪೆ ಮುಚ್ಚಿದರೆ, 80 ಕಿ.ಮೀ. ವೇಗದ ಗಾಡಿ ಸುಮಾರು 90 ಮೀಟರ್ ದೂರ ಯಾರ ಕೈಯಲ್ಲೂ ಇಲ್ಲದೆ ಓಡಿರುತ್ತದೆ. ಕಿಟಕಿ ತೆರೆಯುವುದು, ಹಾಡಿನ ಸದ್ದು ಹೆಚ್ಚಿಸುವುದು, ಮುಖ ತೊಳೆಯುವುದು ಕೆಲವೇ ನಿಮಿಷಗಳ ಆಟ. ದಾಟಿ ಬಂದ ಊರು ಯಾವುದೆಂದು ನೆನಪಾಗದಿದ್ದರೆ, ಆಗಲೇ ನೀವು ಮಂಪರಿನಲ್ಲಿದ್ದೀರಿ ಎಂದು ತಿಳಿದು ಗಾಡಿ ಬದಿಗೆ ಹಾಕಿ ಇಪ್ಪತ್ತು ನಿಮಿಷ ಮಲಗಿ.

ಇದರಲ್ಲಿ ಚಾಲಕನ ಪಾಲು ಎಷ್ಟು ಎಂದು ಕೇಳಿದ್ದೀರಿ. ಯುರೋಪ್ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ, ಅದನ್ನು ದಾಖಲಿಸುವ ಯಂತ್ರವೂ ಗಾಡಿಯಲ್ಲೇ ಇರುತ್ತದೆ. ನಿಯಮ ಎಷ್ಟೇ ಇದ್ದರೂ ನಾಳೆ ಬೆಳಿಗ್ಗೆ ಆರಕ್ಕೆ ಸರಕು ಮುಟ್ಟಲೇಬೇಕು ಎಂದು ಫೋನಿನಲ್ಲಿ ಹೇಳುವ ಧ್ವನಿ ಚಾಲಕನದಲ್ಲ. ನನ್ನ ಮಟ್ಟಿಗೆ ಕೆಲಸ ಕೊಡುವವರನ್ನು ಆರಿಸಿಕೊಳ್ಳುವುದೇ ಮೊದಲ ಸುರಕ್ಷತೆ, ಬ್ರೇಕ್ ಎರಡನೆಯದು.

ಉತ್ತರ 3 (ತರಬೇತುದಾರರು)

ಎಲ್ಲರೂ ಓಡುವ ಗಾಡಿಯ ಬಗ್ಗೆ ಬರೆದಿದ್ದಾರೆ. ನಿಂತ ಗಾಡಿಯೂ ಕಡಿಮೆಯದಲ್ಲ. ನನ್ನಲ್ಲಿ ಕಲಿತ ಒಬ್ಬರು ಮೊದಲ ತಿಂಗಳಲ್ಲೇ ಕಾಲು ಮುರಿದುಕೊಂಡದ್ದು ಕ್ಯಾಬಿನ್ನಿಂದ ಜಿಗಿದು. ಇಳಿಯುವಾಗ ಮುಖ ಗಾಡಿಯ ಕಡೆಗಿರಲಿ. ಎರಡು ಕೈ, ಎರಡು ಕಾಲುಗಳಲ್ಲಿ ಮೂರಾದರೂ ಯಾವಾಗಲೂ ಗಾಡಿಗೆ ತಾಗಿರಲಿ. ಹಿಂದಕ್ಕೆ ತೆಗೆಯುವಾಗ ಕನ್ನಡಿಯನ್ನಷ್ಟೇ ನಂಬದೆ ಒಮ್ಮೆ ಇಳಿದು ಸುತ್ತ ನೋಡಿ, ಏಕೆಂದರೆ ಬಂಪರಿನ ಮುಂದೆ, ಟ್ರೇಲರಿನ ಬೆನ್ನಿಗೆ, ನಿಮ್ಮ ಆಸನದ ಆಚೆ ಬದಿಯ ಬಾಗಿಲಿನ ಪಕ್ಕದಲ್ಲಿ ನಿಂತವರು ನಿಮಗೆ ಕಾಣುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಹಾಕದೆ ಗಾಡಿಯಿಂದ ಇಳಿಯಬೇಡಿ. ಸೀಟ್ ಬೆಲ್ಟ್ ವಿಚಾರದಲ್ಲಿ ನಾನು ವಾದ ಮಾಡುವುದನ್ನೇ ಬಿಟ್ಟಿದ್ದೇನೆ, ಹಾಕದವರಿಗೆ ಕೀಲಿ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಮ್ಮನಿಗೂ ಓದಿ ಹೇಳಿದೆ, ನಿದ್ದೆಯ ಭಾಗವನ್ನು ಎರಡು ಸಲ ಓದಿಸಿದರು. ಇನ್ನೊಂದು ಸಂಶಯವಿದೆ: ಹೆಚ್ಚು ಸಂಬಳ ಕೊಡುತ್ತೇವೆಂದು ಟ್ಯಾಂಕರ್ ಕೆಲಸಕ್ಕೆ ಕರೆದಿದ್ದಾರೆ. ಹೊಸಬನು ಅದನ್ನು ಒಪ್ಪಿಕೊಳ್ಳಬಹುದೇ?

ಉತ್ತರ 1

ಮೊದಲ ವರ್ಷ ಬೇಡ. ಪೂರ್ತಿ ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ್ದು ಹೆಚ್ಚು ಕಷ್ಟ ಕೊಡುತ್ತದೆ. ತಿರುವಿನಲ್ಲಿ ಒಳಗಿನ ದ್ರವ ಹೊರಬದಿಗೆ ವಾಲಿ ಗಾಡಿಯನ್ನು ಮಗುಚಲು ನೋಡುತ್ತದೆ. ಒಳಗೆ ಅಡ್ಡತಡೆಗಳಿಲ್ಲದ ಟ್ಯಾಂಕ್ ಆದರೆ, ಬ್ರೇಕ್ ಹಾಕಿ ನಿಂತ ಮೇಲೂ ಅಲೆ ಮುಂದಕ್ಕೆ ಬಂದು ಗಾಡಿಯನ್ನು ನೂಕುತ್ತದೆ. ಚೆನ್ನಾಗಿ ಬಿಗಿದು ಕಟ್ಟಿದ, ಅಲುಗದ ಸರಕಿನಿಂದ ಶುರುಮಾಡಿ. ಯಾವ ಕೆಲಸಕ್ಕೆ ಹೋದರೂ ಸೇರುವ ದಿನವೇ, "ರಾತ್ರಿ ನಿದ್ದೆ ಬಂದು ಗಾಡಿ ನಿಲ್ಲಿಸಿದರೆ ನಾನು ಯಾರಿಗೆ ತಿಳಿಸಬೇಕು?" ಎಂದು ಕೇಳಿ. ಒಂದು ಫೋನ್ ನಂಬರ್ ಕೊಟ್ಟರೆ ಸೇರಿಕೊಳ್ಳಿ. ನಕ್ಕರೆ ಎದ್ದು ಬನ್ನಿ.