ಯುದ್ಧಗಾಯ, ಪ್ರಥಮ ಚಿಕಿತ್ಸೆ: ನಿವೃತ್ತ ಸೇನಾ ಸರ್ಜನ್ ಜೊತೆ ಭಾನುವಾರದ ಪ್ರಶ್ನೋತ್ತರ

ಮಡಿಕೇರಿ (ನಿವೃತ್ತ ಹವಾಲ್ದಾರ್): ಸರ್, ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕಟ್ಟಿದ ಮೇಲೆ ಆಗಾಗ ಸಡಿಲ ಮಾಡಬೇಕು ಅಂತ ನಮಗೆ ಕಲಿಸಿದ್ದರು. ಈಗಲೂ ಹಾಗೆಯೇ?

ಡಾಕ್ಟರ್: ಇಲ್ಲ ಹವಾಲ್ದಾರ್ ಸಾಬ್. ಸಡಿಲಿಸಿದಷ್ಟು ಸಲ ರಕ್ತ ಹೋಗುತ್ತದೆ. ಗಾಯದಿಂದ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು, ರಕ್ತ ನಿಲ್ಲುವಷ್ಟು ಬಿಗಿಯಾಗಿ ಕಟ್ಟಿ. ಕಟ್ಟಿದ ಸಮಯ ಬರೆಯಿರಿ. ಎರಡು ಗಂಟೆಯೊಳಗೆ ಆಸ್ಪತ್ರೆ ಸೇರಿಸಲು ನೋಡಿ. ಬಿಚ್ಚುವುದು ಅಲ್ಲಿನವರ ಕೆಲಸ.

ಬೆಳಗಾವಿ: ಡಾಕ್ಟರ್ ಸಾಹೇಬ್ರ, ನಮ್ಮ ತಮ್ಮ ಸಿಯಾಚಿನ್‌ಗೆ ಹೊಂಟಾನ್ರಿ. ಬೆರಳು ಮರಗಟ್ಟಿದ್ರ ಮಂಜು ಹಚ್ಚಿ ತಿಕ್ಕಬೇಕಂತ ವಾಟ್ಸಾಪ್‌ನ್ಯಾಗ ಬಂದೈತಿ. ಖರೇನ್ರಿ?

ಡಾಕ್ಟರ್: ಸುಳ್ಳು. ತಿಕ್ಕಿದರೆ ಇನ್ನಷ್ಟು ಹಾಳಾಗುತ್ತದೆ. 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಬೇಕು, ಅದೂ ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಇಳಿಸಿದ ಮೇಲೆ. ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಸೋಮವಾರಪೇಟೆ: ಸರ್, ಅಪ್ಪನಿಗೆ 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ಎಡ ಮೊಣಕಾಲಿಗೆ ಗುಂಡು ಬಿದ್ದಿತ್ತು. ಈಗ ಕಾಲು ಊದುತ್ತಿದೆ. ಆರು ತಿಂಗಳಿಂದ ಹೊಟ್ಟೆನೋವು, ಮಲಬದ್ಧತೆ. ರಕ್ತ ಕಡಿಮೆ ಅಂತ ಮಾತ್ರೆ ಕೊಟ್ಟಿದ್ದಾರೆ, ಏರಿಲ್ಲ. ಗುರುವಾರ ಬೆನ್ನಿಗೆ ಎಂಆರ್‌ಐ ಇದೆ. ಹಳೆಯ ಚೀಟಿಯಲ್ಲಿ ‘ಗುಂಡೇಟು, ಎಡ ಮೊಣಕಾಲು’ ಅಂತಷ್ಟೇ ಇದೆ.

ಡಾಕ್ಟರ್: ಗುಂಡು ತೆಗೆದಿದ್ದರೇನಮ್ಮಾ?

ಸೋಮವಾರಪೇಟೆ: ಚೂರು ಒಳಗೇ ಇದೆ ಅಂತಾರೆ ಅಪ್ಪ.

ಡಾಕ್ಟರ್: ಹಾಗಾದರೆ ಗಮನವಿಟ್ಟು ಓದಿ. ಗುಂಡಿನಲ್ಲಿ ಸೀಸ ಇರುತ್ತದೆ. ಮಾಂಸದಲ್ಲಿ ಉಳಿದ ಚೂರಿನ ಸುತ್ತ ದೇಹ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೀಲಿನ ಮಾತು ಬೇರೆ. ಅಲ್ಲಿನ ದ್ರವದಲ್ಲಿ ಸೀಸ ನಿಧಾನವಾಗಿ ಕರಗಿ ರಕ್ತಕ್ಕೆ ಸೇರುತ್ತದೆ, ವರ್ಷಗಟ್ಟಲೆ. ಹೊಟ್ಟೆನೋವು, ಮಲಬದ್ಧತೆ, ಮಾತ್ರೆಗೆ ಬಗ್ಗದ ರಕ್ತಹೀನತೆ, ಮೂರೂ ಸೀಸದ ವಿಷದಲ್ಲಿ ಬರುತ್ತವೆ. ಅದೇ ಅಂತ ಇಲ್ಲಿಂದ ಹೇಳಲಾರೆ. ಆದರೆ ರಕ್ತದಲ್ಲಿ ಸೀಸದ ಮಟ್ಟ ನೋಡಲೇಬೇಕು. ಎಂಆರ್‌ಐಗೆ ಮೊದಲು ಎಕ್ಸ್‌ರೇ ಆಗಲಿ. ಗುಂಡಿನಲ್ಲಿ ಉಕ್ಕೂ ಇರಬಹುದು, ಎಂಆರ್‌ಐ ಯಂತ್ರ ಅದನ್ನು ಎಳೆಯುತ್ತದೆ. ಯಂತ್ರ ನಡೆಸುವವರಿಗೆ ನೀವೇ ಬಾಯಿಬಿಟ್ಟು ಹೇಳಿ.

ಆ ಚೀಟಿಯ ಬಗ್ಗೆ ನನಗೆ ಸಿಟ್ಟಿದೆ. ‘ಚೂರು ಒಳಗಿದೆ’ ಎಂಬ ಎರಡು ಪದ ಬರೆದಿದ್ದರೆ ಇಂದಿನ ಡಾಕ್ಟರಿಗೆ ದಾರಿ ಸಿಗುತ್ತಿತ್ತು. ಒಮ್ಮೆ ಗಾಯಗೊಂಡ ಒಬ್ಬ ಹುಡುಗ ನನ್ನ ಬಳಿ ಬಂದಾಗ ಅವನ ಚಿಕಿತ್ಸೆಯ ಕಾರ್ಡ್‌ನಲ್ಲಿ ನೋವಿನ ಮದ್ದು ಮಾರ್ಫಿನ್ ಚುಚ್ಚಿದ್ದು ಬರೆದಿರಲಿಲ್ಲ. ನಾನು ಮತ್ತೊಂದು ಕೊಟ್ಟೆ. ಚಳಿ ಹಿಡಿದು ರಕ್ತ ಕಳೆದುಕೊಂಡ ದೇಹದಲ್ಲಿ ಸ್ನಾಯುವಿಗೆ ಕೊಟ್ಟ ಮದ್ದು ಹಾಗೇ ಕೂತಿರುತ್ತದೆ. ಬೆಚ್ಚಗಾದ ಮೇಲೆ ಎರಡೂ ಒಟ್ಟಿಗೆ ಏರಿ ಉಸಿರು ನಿಲ್ಲುವ ಹಾಗಾಯಿತು. ರಾತ್ರಿಯಿಡೀ ಪಕ್ಕದಲ್ಲಿ ಕೂತು ಉಳಿಸಿಕೊಂಡೆವು.

ಕುಶಾಲನಗರ: ಸರ್, ವಿಕಲಾಂಗ ಪಿಂಚಣಿಗೆ ಹಳೆಯ ಗಾಯದ ಕಾಗದ ಕಳೆದುಹೋಗಿದ್ದರೆ ಯಾರನ್ನು ಕೇಳಬೇಕು?

ಪೊನ್ನಂಪೇಟೆ: ಬೆಳ್ಳುಳ್ಳಿ ತಿಂದರೆ ಸೀಸ ಇಳಿಯುತ್ತೆ, ಫಾರ್ವರ್ಡ್ ಬಂದಿದೆ. ರಕ್ತ ನಿಲ್ಲಿಸಲು ಕಾಫಿಪುಡಿ ಒತ್ತಿದರೆ ಸಾಕು, ನಮ್ಮ ಮನೇಲಿ ನಿಂತಿದೆ.

ಡಾಕ್ಟರ್: ನಿಂತದ್ದು ಒತ್ತಿ ಹಿಡಿದದ್ದಕ್ಕೆ. ಪುಡಿಯನ್ನು ಗಾಯದಿಂದ ತೊಳೆದು ತೆಗೆಯುವ ಕಷ್ಟ ನಮಗೆ ಗೊತ್ತು. ಬೆಳ್ಳುಳ್ಳಿ ನಂಬಿಕೊಂಡು ಆ ಹೆಣ್ಣುಮಗಳ ತಂದೆಗೆ ಪರೀಕ್ಷೆ ತಡವಾದರೆ ಹೊಣೆ ಯಾರದು? ಇಂಥದ್ದು ಇಲ್ಲಿ ಹಾಕಬೇಡಿ.

ಹಾಸನ (ನಿವೃತ್ತ, ಎಎಸ್‌ಸಿ ಅಂದರೆ ಸೇನೆಯ ಸರಬರಾಜು ದಳ): ಸರಿಯಾಗಿ ಹೇಳಿದಿರಿ. ನಮ್ಮ ಜೇಬಿನಲ್ಲಿ ಗಾಯಕ್ಕೆ ಕಟ್ಟುವ ಫೀಲ್ಡ್ ಡ್ರೆಸ್ಸಿಂಗ್ ಪಟ್ಟಿ ಇರುತ್ತಿತ್ತು, ಕಾಫಿಪುಡಿ ಅಲ್ಲ.

ಪೊನ್ನಂಪೇಟೆ: ನೀವು ಗಾಡಿ ಓಡಿಸಿದವರು, ಗಾಯ ಎಲ್ಲಿ ನೋಡಿದ್ರಿ?

ಹಾಸನ: ಶ್ರೀನಗರ–ಲೇಹ್ ರಸ್ತೆ ಮೇಲೆ ಶೆಲ್ ಬೀಳುತ್ತಿದ್ದಾಗ ಓಡಿಸಿದೆವು. ಬೆಟ್ಟದ ಮೇಲಿದ್ದ ಸೈನಿಕರಿಗೆ ಗುಂಡು, ಅನ್ನ ಎರಡೂ ನಮ್ಮ ಗಾಡಿಯಲ್ಲೇ ಬಂತು. ಮಾತು ನೋಡಿಕೊಂಡು ಆಡಿ.

ವಿರಾಜಪೇಟೆ: ಸರ್, ಟೂರ್ನಿಕೆಟ್ ಎಷ್ಟೊತ್ತಿಗೆ ಸಡಿಲ ಮಾಡಬೇಕು?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಪೊನ್ನಂಪೇಟೆ: ಹಿರಿಯರ ಮದ್ದಿಗೆ ಈ ಗುಂಪಿನಲ್ಲಿ ಬೆಲೆ ಇಲ್ಲ.

ಹಾಸನ: ಹಿರಿಯರು ವಾಟ್ಸಾಪ್ ಕಳಿಸಲಿಲ್ಲ.

ಡಾಕ್ಟರ್: ಇಬ್ಬರೂ ಸಾಕು ಮಾಡಿ.

ಸೋಮವಾರಪೇಟೆ: ಎಂಆರ್‌ಐ ಮುಂದೂಡಿದೆವು ಸರ್. ನಾಳೆ ಬೆಳಿಗ್ಗೆ ಎಕ್ಸ್‌ರೇ, ಸೀಸದ ಪರೀಕ್ಷೆಗೂ ರಕ್ತ ಕೊಡ್ತೀವಿ.

ಡಾಕ್ಟರ್: ಒಳ್ಳೇದಮ್ಮಾ. ಫಿಲ್ಮ್ ಇಲ್ಲಿ ಹಾಕಬೇಡಿ, ನನಗೇ ಕಳಿಸಿ. ಮೊಣಕಾಲನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಸಿ. ಚೂರು ಕೀಲಿನ ಒಳಗೋ ಹೊರಗೋ ಅಂತ ತಿಳಿಯಬೇಕು.

ಕುಶಾಲನಗರ: ಸರ್, ನನ್ನ ಪಿಂಚಣಿ ಪ್ರಶ್ನೆ?